ಗಿರಿಜಮ್ಮನ ನಾಲ್ಕು ಸ್ಕ್ಯಾನ್

೧೯೯೩ರಲ್ಲಿ ನನ್ನ ಓದು ನಿಂತಿತು, ಒಂಬತ್ತನೇ ಕ್ಲಾಸಿಗೆ. ಆಮೇಲೆ ರಾಜಾಜಿನಗರದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ನೆಲ ಒರೆಸಲು ಸೇರಿದವನು, ಇವತ್ತು ಬಸವೇಶ್ವರನಗರದಲ್ಲಿ ಎಂ.ಆರ್.ಐ. ರೂಮಿನ ಹಿರಿಯ ಅಸಿಸ್ಟೆಂಟ್. ಬಂದವರ ಮೈಮೇಲಿನ ಲೋಹ ತೆಗೆಸುವುದು, ಮಲಗಿಸುವುದು, ತಲೆಯ ಎರಡೂ ಪಕ್ಕ ಮೆತ್ತೆ ಸಿಗಿಸುವುದು ನನ್ನ ಕೆಲಸ. ಮಾದೇಶ ಮಲಗಿಸಿದ ತಲೆ ಅಲ್ಲಾಡಲ್ಲ ಅಂತ ಡಾಕ್ಟರುಗಳೇ ಹೇಳುತ್ತಾರೆ. ಅದು ನನಗೆ ಹೆಮ್ಮೆ, ಮುಚ್ಚಿಡುವಂಥದ್ದೇನಿಲ್ಲ.

೨೦೨೨ರಲ್ಲಿ ಒಂದು ಸಂಶೋಧನಾ ತಂಡ ಭಾನುವಾರಗಳಿಗೆ ನಮ್ಮ ಮೆಷಿನ್ನು ಬಾಡಿಗೆಗೆ ಹಿಡಿಯಿತು. ಆಲ್‌ಝೈಮರ್ಸ್ ಅನ್ನುವ ಮರೆವಿನ ಕಾಯಿಲೆ, ಮರೆವು ಶುರುವಾಗುವ ಎಷ್ಟೋ ವರ್ಷ ಮುಂಚೆಯೇ ಮಿದುಳಿನೊಳಗೆ ಕೆಲಸ ಶುರು ಮಾಡಿರುತ್ತದಂತೆ. ಅದನ್ನು ಹಿಡಿಯಬಹುದಾ ಅಂತ ಅವರ ಹುಡುಕಾಟ. ತಂಡದ ಡಾಕ್ಟರ್ ಮೇಡಂ ನನಗೆ ಹೀಗೆ ಬಿಡಿಸಿ ಹೇಳಿದರು: "ವಿಜಯನಗರದಿಂದ ಕೆಂಗೇರಿಗೆ ಓಡೋ ಬಸ್ಸು ಒಂದೇ ದಿನ ನಿಲ್ಲಲ್ಲ ಮಾದೇಶ್. ಮೊದಲು ಟ್ರಿಪ್ ಕಮ್ಮಿ ಆಗುತ್ತೆ. ಸ್ಟಾಪಲ್ಲಿ ನಿಂತಿರೋರಿಗೆ ಗೊತ್ತೂ ಆಗಲ್ಲ. ನಾವು ಆ ಟ್ರಿಪ್ ನೋಡ್ತೀವಿ." ಮಿದುಳಿನ ಭಾಗಗಳ ನಡುವಿನ ಈ ಓಡಾಟಕ್ಕೆ ಅವರು ನೆಟ್‌ವರ್ಕ್ ಅನ್ನುತ್ತಾರೆ. ಅದನ್ನು ನೋಡಬೇಕಾದರೆ ಮನುಷ್ಯ ಕಣ್ಣು ಬಿಟ್ಟುಕೊಂಡು, ನಿದ್ದೆ ಮಾಡದೆ, ಇಂಥದ್ದೇ ಅಂತ ಏನೂ ಯೋಚಿಸದೆ ಸುಮ್ಮನೆ ಮಲಗಬೇಕು.

ಗಿರಿಜಮ್ಮ ಕೆಂಗೇರಿ ಉಪನಗರದವರು, ಅರವತ್ತರ ಹತ್ತಿರ ವಯಸ್ಸು. ಮನೆಯಲ್ಲಿ ಅವರು ಮತ್ತು ಅವರ ಅಕ್ಕ, ಇಬ್ಬರೇ. ಅಕ್ಕನಿಗೆ ಈ ಕಾಯಿಲೆ ಬಂದು ತಂಗಿಯನ್ನೇ "ಯಾರಮ್ಮ ನೀನು" ಅನ್ನುವಷ್ಟಾಗಿತ್ತು. ಮೊದಲ ದಿನ ಬಳೆ ಬಿಚ್ಚಿ ನನ್ನ ಕೈಗೆ ಕೊಡುತ್ತಾ ಕೇಳಿದರು, "ನಂಗೂ ಬರುತ್ತಾ ಅಂತ ಇದರಲ್ಲಿ ಗೊತ್ತಾಗುತ್ತೇನಪ್ಪ? ನಾನೂ ಹಂಗಾದ್ರೆ ಅವಳಿಗೆ ಅನ್ನ ಹಾಕೋರು ಯಾರು?"

ಆ ಸಲ ಸ್ಕ್ಯಾನ್ ಚೆನ್ನಾಗಿ ಬಂತು. ಮುಂದಿನ ವರ್ಷ ಮತ್ತೆ ಬಂದರು. ಚಿತ್ರ ನೋಡಿದ ಮೇಡಂ ಮುಖ ಗಂಟಿಕ್ಕಿಕೊಂಡಿತು. ಹೋದ ವರ್ಷದ್ದಕ್ಕೂ ಇದಕ್ಕೂ ತಾಳೆಯೇ ಇಲ್ಲ. ಹೊರಗೆ ಬಂದು ಕೇಳಿದರು, "ಅಮ್ಮಾ, ಒಳಗೆ ಏನು ಯೋಚನೆ ಮಾಡ್ತಿದ್ರಿ?"

"ಏನೂ ಇಲ್ಲಮ್ಮ. ನೀವು ಸುಮ್ನಿರಿ ಅಂದ್ರಿ, ಸುಮ್ನೆ ಓಂ ನಮಃ ಶಿವಾಯ ಅಂದ್ಕೊಂಡಿದ್ದೆ. ನೂರೆಂಟಾದ ಮೇಲೆ ಮತ್ತೆ ಮೊದಲಿಂದ."

"ಅದು ಸುಮ್ನಿರೋದಲ್ಲಮ್ಮ."

"ಇನ್ನೇನು ಹಾಳು ಹರಟೆ ಹೊಡೀತಿದ್ನಾ?"

ನನಗೆ ನಗು ಬಂತು, ಮೇಡಂಗೆ ಬರಲಿಲ್ಲ. ಜಪ ಮಾಡುವ ಮಿದುಳು ಕೆಲಸದಲ್ಲಿರುತ್ತದೆ, ಅದರ ದಾರಿಗಳೇ ಬೇರೆ. ಈಗ ಕಂಡ ವ್ಯತ್ಯಾಸ ಕಾಯಿಲೆಯದ್ದೋ ಶಿವನದ್ದೋ ಹೇಳುವುದು ಹೇಗೆ? ನಮ್ಮ ಕಡೆ ಮನಸ್ಸು ಖಾಲಿ ಬಿಡು ಅಂತ ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಖಾಲಿ ಕೂತರೆ ದೇವರ ಹೆಸರಾದರೂ ಹೇಳು ಅಂತಲೇ ಬೆಳೆಸಿದ್ದಾರೆ.

ಎರಡು ವಾರ ಬಿಟ್ಟು ಮತ್ತೆ ಕರೆಸಿದೆವು. ಜಪ ಬೇಡಮ್ಮ ಅಂತ ಕೈಮುಗಿದು ಹೇಳಿ, ಮೆತ್ತೆ ಬಿಗಿಯಾಗಿ ಸಿಗಿಸಿದೆ. ಸ್ವಲ್ಪ ಹೊತ್ತಿಗೆಲ್ಲ ತಲೆ ಅಲ್ಲಾಡತೊಡಗಿತು. ಮೈಕಿನಲ್ಲಿ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಚಿತ್ರವೆಲ್ಲ ಕಲಸಿಹೋಯಿತು. ಹೊರಗೆ ಎಳೆದು ನೋಡಿದರೆ ಕಣ್ಣೀರು ಕಿವಿಯೊಳಗೆ ಇಳಿದಿದೆ.

"ನೀವು ಶಿವನ್ನ ಬಿಡು ಅಂದ್ರಿ, ಬಿಟ್ಟೆ. ಅಕ್ಕ ಬಂದು ಕೂತ್ಕೊಂಡ್ಲು."

ಆ ವರ್ಷದ ಲೆಕ್ಕದಿಂದ ಅವರನ್ನು ಬಿಟ್ಟರು. ಗಿರಿಜಮ್ಮ ಬಳೆ ಹಾಕಿಕೊಳ್ಳುತ್ತಾ ರಿಪೋರ್ಟ್ ಕೇಳಿದರು. ಇದರಲ್ಲಿ ಒಬ್ಬೊಬ್ಬರಿಗೆ ರಿಪೋರ್ಟ್ ಕೊಡುವುದಿಲ್ಲ, ಮೊದಲೇ ಓದಿ ಹೇಳಿ ಸಹಿ ಹಾಕಿಸಿದ್ದೆವಲ್ಲ ಅಂದರು ಮೇಡಂ. ಆದರೆ ಸ್ಕ್ಯಾನ್ ಆದಮೇಲೆ ರಿಪೋರ್ಟ್ ಇಲ್ಲ ಅಂದರೆ ನಮ್ಮ ಜನ ನಂಬುತ್ತಾರಾ?

ಅವರು ಹೋದಮೇಲೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ, "ಹೇಳಕ್ಕಾಗಲ್ಲ ಅಂದ್ರೆ ಯಾಕೆ ಮೇಡಂ ಕರೆಸ್ತೀರ?"

"ನೂರಾರು ಜನರದ್ದು ಸೇರಿಸಿ ನೋಡಿದ್ರೆ ಏನೋ ಕಾಣುತ್ತೆ ಮಾದೇಶ್. ಒಬ್ಬರದ್ದೇ ನೋಡಿ ಹೇಳೋ ಮಟ್ಟಕ್ಕೆ ನಾವಿನ್ನೂ ಬಂದಿಲ್ಲ. ನಾಳೆ ಬರುತ್ತೆ ಅಂತ ಹೇಳಿ, ಬರದೇ ಇದ್ರೆ? ಬರಲ್ಲ ಅಂತ ಹೇಳಿ, ಬಂದ್ರೆ?"

ಮಾತು ಸರಿಯೇ. ಸಿಟ್ಟು ಮಾತ್ರ ಇಳಿಯಲಿಲ್ಲ. ಮೂಳೆ ಮುರಿದವನಿಗೆ ಮುರಿದಿದೆ ಅಂತ ತೋರಿಸುವ ಮೆಷಿನ್ನು, ಇಷ್ಟು ದೂರದಿಂದ ಮೂರು ಸಲ ಬಂದ ಹೆಂಗಸಿಗೆ ಒಂದು ಮಾತು ಹೇಳುವುದಿಲ್ಲ ಅಂದರೆ ಏನು ಮಾಡಬೇಕು?

ಮರುವರ್ಷ ಅವರು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. "ತಮ್ಮನ ಮಗಳ ಹತ್ರ ಮಾತಾಡಿದೀನಪ್ಪ. ನಂಗೂ ಹಂಗಾದ್ರೆ ಇಬ್ಬರನ್ನೂ ನೋಡ್ಕೋತೀನಿ ಅಂದಿದಾಳೆ. ನಿಮ್ಮ ಉತ್ತರಕ್ಕೆ ಕಾಯ್ತಾ ಕೂತ್ರೆ ಅಷ್ಟರಲ್ಲಿ ಪ್ರಶ್ನೆನೇ ಮರೆತುಹೋಗುತ್ತೆ" ಅಂದು ತಾವೇ ನಕ್ಕರು. ಹಾಗಾದರೆ ಮತ್ತೆ ಯಾಕಮ್ಮ ಬಂದಿರಿ ಅಂದೆ. "ಆ ಹುಡುಗಿ ಕಾಲಕ್ಕಾದ್ರೂ ಹೇಳ್ತೀರೇನೋ ಅಂತ."

ಆ ದಿನ ಅವರ ತಲೆ ಅಲ್ಲಾಡಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಒಂದೇ. ಬಂದವರಿಗೆ ಏನು ಬೇಕಾಗಿದೆ ಅಂತ ಮೊದಲು ಕೇಳಬೇಕು, ನಮ್ಮಲ್ಲಿ ಸಿಗದಿರುವುದನ್ನು ಬಾಗಿಲಲ್ಲೇ ಹೇಳಬೇಕು. ಬರೀ ಸಹಿಯಲ್ಲಿ ಅದು ಮುಗಿಯುವುದಿಲ್ಲ. ಈಗ ಭಾನುವಾರ ಬಂದವರಿಗೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕೆಲವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಹೋಗಲಿ.

ಈಗ ನನ್ನ ಹತ್ತಿರ ಇರುವುದು ಹೇರೋಹಳ್ಳಿಯಲ್ಲಿ ಎರಡು ರೂಮಿನ ಸ್ವಂತ ಮನೆ, ಓದು ಮುಗಿಸಿದ ಇಬ್ಬರು ಹೆಣ್ಣುಮಕ್ಕಳು, ಒಂದು ಸ್ಕೂಟರ್, ಕೆಲಸದಲ್ಲಿ ಒಳ್ಳೆಯ ಹೆಸರು. ಗಿರಿಜಮ್ಮ ಕೇಳಿದ್ದಕ್ಕೆ ಉತ್ತರ ಇನ್ನೂ ಇಲ್ಲ.