ಗುರುವಾರದ ಕೋಣೆಯಲ್ಲಿ ಆಡಿದ ಮಾತು

ಕ್ಯಾನ್ಸರಿಗೆ ಎಡ ಸ್ತನ ತೆಗೆಸಿಕೊಂಡ ಮೇಲೆ ಪ್ರತಿ ಗುರುವಾರ ಗಡಿಯಾಚೆಯ ಮಿರಜಿಗೆ ಹೋಗುತ್ತಿದ್ದೆ. ಅಲ್ಲಿನ ಆಸ್ಪತ್ರೆಯಲ್ಲಿ ನಮ್ಮಂಥ ಹೆಂಗಸರನ್ನು ಒಂದು ಕೋಣೆಯಲ್ಲಿ ಕೂರಿಸಿ, ತೋಳು ಊದಿಕೊಳ್ಳದಂತೆ ಮಾಡುವ ವ್ಯಾಯಾಮ, ಬಾಯಿ ರುಚಿ ಕೆಟ್ಟಾಗ ಏನು ಉಣ್ಣಬೇಕೆಂಬುದು, ಎಲ್ಲವನ್ನೂ ಆಪ್ತಸಮಾಲೋಚಕಿ ಕನ್ನಡ, ಮರಾಠಿ ಎರಡರಲ್ಲೂ ಹೇಳಿಕೊಡುತ್ತಿದ್ದರು. ಕೊನೆಗೆ ಬಾಗಿಲು ಹಾಕಿ, "ಈಗ ನೀವ್ ಮಾತಾಡ್ರಿ. ಇಲ್ಲಿ ಆಡಿದ್ದು ಹೊರಗ ಹೋಗಬಾರದು" ಅನ್ನುತ್ತಿದ್ದರು.

ನಮ್ಮೂರು ಜುಗೂಳದಿಂದ ನನ್ನ ಜೊತೆಗೆ ಬರುತ್ತಿದ್ದವಳು ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಕೂದಲು ಉದುರಿದಾಗ ನನ್ನ ತಲೆಗೆ ಮೊದಲ ಸಲ ಬಟ್ಟೆ ಕಟ್ಟಿದವಳೂ ಅವಳೇ. ಅವಳು ಪಕ್ಕದಲ್ಲಿದ್ದಾಳೆಂಬ ಧೈರ್ಯದಿಂದಲೇ ಒಂದು ದಿನ ಬಾಯಿಬಿಟ್ಟೆ. ಗಾಯ ಕಂಡು ಗಂಡ ಹೇಸಿಕೊಂಡಾರೆಂಬ ಭಯ, ಅದಕ್ಕೇ ಅವರಿಗೆ ಪಡಸಾಲೆಯಲ್ಲಿ ಮಲಗಲು ಹೇಳಿದ್ದೇನೆ ಅಂದೆ. ನೆಗೆಣ್ಣಿ ನನ್ನ ಕೈ ಹಿಡಿದುಕೊಂಡಳು.

ಮುಂದಿನ ವಾರ ನಮ್ಮ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಮರುಕದಿಂದಲೇ ಕೇಳಿದಳು: "ಗಾಯಾ ನೋಡಿ ಹೇಸ್ತಾರಂತ ಮಾಲಕರನ್ನ ಹೊರಗ ಮಲಗಸೀರಂತಲ್ರಿ, ಪಾಪ." ಸಂಜೆ ಅತ್ತೆ, ಗಂಡಸು ಎಷ್ಟು ದಿನ ಅಂತ ತಡೆದಾನು ಎಂದು ನನಗೆ ಕೇಳುವಂತೆಯೇ ಅಂದರು.

ಅಡುಗೆಮನೆಗೆ ಹೋದೆ. "ಅಕ್ಕಾ, ಅತ್ತಿ ಮುಂದ ಯಾಕ ಹೇಳಿದಿ?"

ನೆಗೆಣ್ಣಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನಿನ್ನ ಚಿಂತಿಗೇ ಹೇಳೇನಿ. ಮನಿ ಮಂದಿಗೆ ಗೊತ್ತಿರಬೇಕಲ್ಲ?"

"ತ್ವಾಟದಾಗ ಕೆಲಸ ಮಾಡಾಕಿನೂ ಮನಿ ಮಂದೀನ?"

ಅವಳು ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿದಳು. ನನಗೆ ಅಳು ಬರಲಿಲ್ಲ. ಊರೆದುರು ಸೆರಗು ಎಳೆದಂತಾಗಿತ್ತು, ಎಳೆದದ್ದು ನನ್ನವಳೇ.

ಆ ಗುರುವಾರ ಒಬ್ಬಳೇ ಬಸ್ಸು ಹತ್ತಿದೆ. "ನಿಮ್ಮ ಬಾಗಲಾ ಹಾಕಿ ಏನೂ ಉಪಯೋಗ ಇಲ್ರಿ" ಎಂದು ಸಮಾಲೋಚಕಿಯ ಮುಂದೆ ಸಿಟ್ಟು ಕಾರಿದೆ. ಆಕೆ ಪೂರ್ತಿ ಕೇಳಿದರು.

"ನಂದೂ ತಪ್ಪೈತ್ರಿ. ಮನಿಯವರನ್ನ ಒಳಗ ಕೂಡಸೂ ಮುಂಚೆ ನಿಮ್ಮನ್ನಷ್ಟ ಕರದು ಕೇಳಬೇಕಿತ್ತು." ಆಮೇಲೆ, "ಯಜಮಾನರಿಗೆ ನೀವ ಹೇಳೀರೇನ್ರಿ?" ಅಂದರು.

ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಕಾರಣವನ್ನು ಅವರಿಗೆ ಮಾತ್ರ ನಾನು ಹೇಳಿರಲಿಲ್ಲ.

ಮರಳಿ ಬಂದು ಹೇಳಿದೆ. ಅವರು ನನ್ನ ಎದುರಿಗೆ ಬಂದು ಕೂತರು. "ಅವ್ವನ ಬಾಯಿಂದ ಕೇಳಬೇಕಾತು ನಾ. ಆಸ್ಪತ್ರ್ಯಾಗ ಪಟ್ಟಿ ಬಿಚ್ಚಿದಾಗ ನೀ ಕಣ್ಣ ಮುಚ್ಚಿದ್ದಿ, ಬಾಜೂಕ ನಾನ ನಿಂತಿದ್ದೆ. ಆವತ್ತ ಹೇಸಿಗಿ ಬಂದಿಲ್ಲ, ಇವತ್ತ ಬರ್ತೈತೇನ?"

ಈಗ ತೋಳು ನೀವುವುದನ್ನು ಅವರೇ ಕಲಿತುಕೊಂಡಿದ್ದಾರೆ. ನೆಗೆಣ್ಣಿಯ ಜೊತೆ ಮಾತು ಬಿಟ್ಟಿಲ್ಲ, ರೊಟ್ಟಿಯನ್ನೂ ಇಬ್ಬರೂ ಕೂಡಿಯೇ ಬಡಿಯುತ್ತೇವೆ. ಆದರೆ ತಪಾಸಣೆ ಮುಗಿಸಿ ಬಂದ ದಿನ ಡಾಕ್ಟರು ಏನಂದರೆಂದು ಅವಳು ಕೇಳಿದರೆ, "ಚಲೋ ಐತಂತ" ಎಂದಷ್ಟೇ ಹೇಳುತ್ತೇನೆ.