ಬಣ್ಣವನ್ನು ನಂಬದ ಗಂಗಾಲಕ್ಷ್ಮಿ

ಬೆಳಗಿನ ಆರು ಗಂಟೆ. ಕಾರಿಮಂಗಲಂನಿಂದ ಕಂಬೈನಲ್ಲೂರಿಗೆ ಹೋಗುವ ರಸ್ತೆಬದಿಯ ಶೆಡ್ಡಿನಲ್ಲಿ ಗಂಗಾಲಕ್ಷ್ಮಿ ಆಗಲೇ ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತಿದ್ದಾರೆ. ಚಪ್ಪಟೆ ತಗಡು ನಿಧಾನವಾಗಿ ಉಬ್ಬಿ, ಹಳೆಯ ಕಾರೊಂದರ ಹಿಂಬದಿಯ ಮಡ್‌ಗಾರ್ಡ್ ಆಗುತ್ತಿದೆ. ನಾನು ಬಂದು ನಿಂತಿರುವುದು ಅವರಿಗೆ ಗೊತ್ತು. ಆದರೂ ಕೈ ನಿಲ್ಲುವುದಿಲ್ಲ. ಕೊನೆಗೊಮ್ಮೆ ಓರೆಗಣ್ಣಿನಲ್ಲಿ ನೋಡಿ, ಯಾರು ಕಳಿಸಿದ್ದು ಎಂದು ಕೇಳುತ್ತಾರೆ. ಪತ್ರಿಕೆಯಿಂದ ಬಂದಿದ್ದೇನೆ ಎಂದರೆ ಸಾಲದು. ಗುರುತಿನ ಚೀಟಿಯನ್ನು ಎರಡೂ ಬದಿ ತಿರುಗಿಸಿ ನೋಡಿದ ಮೇಲೆಯೇ ನನಗೆ ಕುರ್ಚಿ ಸಿಗುತ್ತದೆ.

ನಲವತ್ತೊಂಬತ್ತು ವರ್ಷದ ಈಕೆ ಹಳೆಯ ಕಾರುಗಳಿಗೆ ಎಲ್ಲೂ ಸಿಗದ ಭಾಗಗಳನ್ನು ಕೈಯಲ್ಲೇ ಮಾಡಿಕೊಡುತ್ತಾರೆ. ತಂದೆ ತಿಮ್ಮಪ್ಪ ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದವರು. ವೆಲ್ಡಿಂಗ್ ಬೆಳಕಿಗೆ ಅವರ ಕಣ್ಣು ಮಂಜಾದಾಗ ಮಗಳಿಗೆ ಹದಿನಾರು ವಯಸ್ಸು. ತಗಡು ಹಿಡಿದುಕೊಳ್ಳಲು ಹೋದವರು ಕಸುಬನ್ನೇ ಹಿಡಿದರು. "ಅಪ್ಪಂಗೆ ಕಾಣ್ತಿರ್ಲಿಲ್ಲ. ಬೆರಳಾಗೇ ಸವರಿ ತಪ್ಪು ಏಳ್ತಿದ್ದ. ಕಣ್ಣು ಸುಳ್ಳು ಏಳ್ತೈತೆ ಸಾರ್, ಬೆರಳು ಏಳಲ್ಲ."

ದಿನಕ್ಕೆ ಕಡಿಮೆಯೆಂದರೂ ಮೂರು ಸಾವಿರ ಪೆಟ್ಟು. ಒಂದು ಮಡ್‌ಗಾರ್ಡಿಗೆ ಹನ್ನೆರಡು ದಿನ. ಬಲಗಿವಿ ಮುಕ್ಕಾಲು ಕೇಳಿಸುವುದಿಲ್ಲ. ಮೂವತ್ತು ವರ್ಷವಾದರೂ ಬಂದವರು ಇವರನ್ನೇ ನೋಡಿಕೊಂಡು ಮೇಸ್ತ್ರಿ ಎಲ್ಲಿ ಎಂದು ಕೇಳುತ್ತಾರೆ.

ಹಾಗೆ ಕೇಳಿದವರಲ್ಲಿ ಸೇಲಂನ ಕಾಲೇಜು ಮೇಷ್ಟ್ರು ಹರಿಪ್ರಸಾದ್ ಕೂಡ ಒಬ್ಬರು. ಕಳೆದ ವರ್ಷ ಅವರು 1958ರ ಕಾರೊಂದನ್ನು ಲಾರಿಯಲ್ಲಿ ಹೊರಿಸಿಕೊಂಡು ಬಂದರು. ಕೊಡಿಸಿದ ದಲ್ಲಾಳಿ, ಬಾಡಿ ಪೂರಾ ಒರಿಜಿನಲ್, ಮುಂದಿನ ಎಡ ಮಡ್‌ಗಾರ್ಡ್ ಒಂದು ಹಾಕಿಸಿದರೆ ಸಾಕು ಎಂದಿದ್ದನಂತೆ. ಗಂಗಾಲಕ್ಷ್ಮಿ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಕಾರನ್ನು ಒಂದು ಸುತ್ತು ಹಾಕಿದರು. ಬಾಗಿಲಿನ ಕೆಳಗೆ ಅದು ಅಂಟಲಿಲ್ಲ. ಅಂದರೆ ಬಣ್ಣದಡಿ ಇರುವುದು ಕಬ್ಬಿಣವಲ್ಲ, ತೂತು ಮುಚ್ಚಲು ಮೆತ್ತಿದ ಪಟ್ಟಿ ಎಂಬ ಗಟ್ಟಿ ಲೇಪ.

"ಮಡ್‌ಗಾರ್ಡ್ ಆಮೇಲೆ ಸಾರ್. ಮೊದ್ಲು ತಳ ಬಿಚ್ಚಣ. ಒಳಗೆ ಏನೋ ಮುಚ್ಚವ್ರೆ."

ಇಲ್ಲದ ಕೆಲಸ ಹುಟ್ಟಿಸುತ್ತಿದ್ದಾಳೆ ಎಂದುಕೊಂಡ ಹರಿಪ್ರಸಾದ್ ಕಾರನ್ನು ವಾಪಸ್ ಒಯ್ದರು. ಸೇಲಂನಲ್ಲಿ ಎರಡು ಕಡೆ ತೋರಿಸಿದರು. ಏನೂ ಆಗಿಲ್ಲ, ಬಣ್ಣ ಹೊಡೆದು ಕೊಡುತ್ತೇವೆ ಎಂದು ಇಬ್ಬರೂ ನಿಂತಲ್ಲೇ ಹೇಳಿದರು. ಒಬ್ಬರಾದರೂ ಕೆಳಗೆ ಬಗ್ಗಿ ನೋಡಲಿಲ್ಲವಲ್ಲ ಎಂಬ ಅನುಮಾನ ಆಗ ಶುರುವಾಯಿತಂತೆ. ಮೂರು ವಾರದ ನಂತರ ಲಾರಿ ಮತ್ತೆ ಶೆಡ್ಡಿಗೆ ಬಂತು. ತಳವನ್ನು ತಮ್ಮ ಕಣ್ಣೆದುರೇ ಬಿಚ್ಚಬೇಕು, ತಾವು ಅದನ್ನು ವಿಡಿಯೋ ಮಾಡಿಕೊಳ್ಳುತ್ತೇವೆ ಎಂಬುದು ಅವರ ಷರತ್ತು. ಗಂಗಾಲಕ್ಷ್ಮಿಯದೂ ಒಂದು ಷರತ್ತು: ವಿಡಿಯೋ ಮಧ್ಯದಲ್ಲಿ ನಿಲ್ಲಿಸಬಾರದು.

ಡ್ರೈವರ್ ಸೀಟು ತೆಗೆದು ಉಳಿಯಿಟ್ಟು ಕೆತ್ತಿದರೆ ಚಕ್ಕೆ ಚಕ್ಕೆಯಾಗಿ ಪಟ್ಟಿ ಎದ್ದು ಬಂತು. ಅದರಡಿ ಟಾರು ಬಳಿದ ರಟ್ಟು. ರಟ್ಟು ಎತ್ತಿದರೆ ಕೆಳಗಿನ ಶೆಡ್ಡಿನ ನೆಲವೇ ಕಾಣಿಸಿತು. ಸೀಟನ್ನು ಹೊರಬೇಕಿದ್ದ ತೊಲೆ ತುಕ್ಕು ಹಿಡಿದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

"ಮಡ್‌ಗಾರ್ಡ್ ಆದ ಮುಂದಿನ ವಾರವೇ ಸುಪ್ರಜಾನ್ನ ಕೂರಿಸಿಕೊಂಡು ಇದರಲ್ಲೇ ಯೇರ್ಕಾಡು ಹತ್ತೋನಿದ್ದೆ," ಎನ್ನುತ್ತಾರೆ ಹರಿಪ್ರಸಾದ್. ಸುಪ್ರಜಾ ಅವರ ಹೆಂಡತಿ. ಆ ಘಾಟಿಯ ತಿರುವುಗಳನ್ನು ನೆನೆದು ಹರಿಪ್ರಸಾದ್ ಅವತ್ತೇ ತಳದ ಕೆಲಸವನ್ನೂ ಈಕೆಗೇ ಒಪ್ಪಿಸಿದರಂತೆ.

ಅಷ್ಟಾದರೂ ಅನುಮಾನ ಪೂರಾ ಹೋಗಲಿಲ್ಲ. ಈಕೆ ಎಲ್ಲಿಂದಲೋ ರೆಡಿ ಮಡ್‌ಗಾರ್ಡ್ ತಂದು ಜೋಡಿಸಿದರೆ? ಅದಕ್ಕೇ, ಬಡಿಯುವ ಮೊದಲು ಹೊಸ ತಗಡಿನ ಒಳಬದಿಗೆ ಹರಿಪ್ರಸಾದ್ ಮಾರ್ಕರ್‌ನಿಂದ ಸಹಿ ಹಾಕಿ ಹೋದರು. ಹನ್ನೆರಡು ದಿನದ ನಂತರ ಬಂದು ಬಗ್ಗಿ ನೋಡಿದರೆ ಸಹಿ ಅಲ್ಲೇ ಇತ್ತು. ತಗಡಿನೊಂದಿಗೆ ಅಕ್ಷರಗಳೂ ಹಿಗ್ಗಿ, ಬಾಗಿ, ಅವರದೇ ಹೆಸರು ಅವರಿಗೇ ಓದಲು ಬರಲಿಲ್ಲ. ಅವರು ಕೈ ಮುಗಿದರು. ಗಂಗಾಲಕ್ಷ್ಮಿಗೆ ಸಿಟ್ಟು ಬಂದಿರಲಿಲ್ಲವೇ? "ಯಾಕೆ ಬತ್ತೈತೆ? ನಾನೂ ಯಾರನ್ನೂ ನಂಬಲ್ಲ. ನಂಗೆ ಸಂದೇಗ ಇದ್ದಿದ್ಕೇ ಆ ಮನ್ಸ ಇವತ್ತು ಬದುಕವ್ನೆ."

ಈಗ ಏಳು ತಿಂಗಳಾಗಿದೆ. ತಳ, ತೊಲೆ, ಬಾಗಿಲಿನ ಕೆಳಭಾಗ ಎಲ್ಲವೂ ಹೊಸತು. ಹಿಂದಿನ ಮಡ್‌ಗಾರ್ಡ್ ಕೂಡ ತುಕ್ಕು ಹಿಡಿದಿತ್ತು; ಬೆಳಿಗ್ಗೆ ಬಡಿಯುತ್ತಿದ್ದ ಅದೇ ಈ ಕಾರಿನ ಕೊನೆಯ ತುಂಡು. ಸೋಮವಾರ ಪೇಂಟರ್ ಬರುತ್ತಾನೆ. ಅದಕ್ಕೆ ಮೊದಲು ಭಾನುವಾರ ಒಂದು ದಿನ ಕಾರನ್ನು ಬರಿಯ ತಗಡಿನಲ್ಲೇ ರಸ್ತೆಗೆ ಕಾಣುವಂತೆ ಹೊರಗೆ ನಿಲ್ಲಿಸಬೇಕೆಂದು ಗಂಗಾಲಕ್ಷ್ಮಿ ಕೇಳಿಕೊಂಡಿದ್ದಾರೆ. ಯಾತಕ್ಕೆ, ಇಬ್ಬನಿಗೆ ತುಕ್ಕು ಹಿಡಿದರೆ ಎಂದು ಮೇಷ್ಟ್ರು ಮೊದಲು ಹಿಂಜರಿದರು. ಈಗ ಒಪ್ಪಿದ್ದಾರೆ.

"ಬಣ್ಣ ಒಡುದ್ಮೇಲೆ ಎಲ್ಲಾ ಬಣ್ಣಾನೇ ನೋಡ್ತಾರೆ," ಎನ್ನುತ್ತಾರೆ ಗಂಗಾಲಕ್ಷ್ಮಿ. "ಒಂದಿನ ನಂದು ನೋಡ್ಲಿ ಸಾರ್. ತಪ್ಪಿದ್ರೆ ಮುಖಕ್ಕೇ ಏಳ್ಲಿ."