ಅಮಾವಾಸ್ಯೆಯ ಮರುದಿನದ ಅಂಬಲಿ

ಇವತ್ತು ಮುಂಜಾನೆ ಸೊಸೆ ಅಂಬಲಿಯ ಗಡಿಗೆಯ ಮುಚ್ಚಳ ತೆಗೆದು, ಹುಳಿಯಾಗಿದೆ, ಚೆಲ್ಲಲೇ ಎಂದು ಕೇಳಿದಳು. ಬೇಡ ಎಂದೆ. ಮಜ್ಜಿಗೆ, ಜೋಳದ ಹಿಟ್ಟು, ಬೆಳ್ಳುಳ್ಳಿ ಕೂಡಿ ಒಂದು ದಿನ ಕಳೆದ ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ. ನಾಚಿಕೆ ಯಾಕೆಂದು ಹೇಳದಿದ್ದರೆ ನೀವು ಬಿಡುವವರಲ್ಲ, ಹೇಳುತ್ತೇನೆ.

ಪೊಲೀಸ್ ಕಾರ್ಯಾಚರಣೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಉದಗೀರದ ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ಅವ್ವನ ತವರು ಗುಂಜೋಟಿ; ಅಲ್ಲಿ ನನ್ನ ಅಜ್ಜಿ, ಎಲ್ಲರ ಬಾಯಲ್ಲಿ ಆಯಿ, ಸೋದರಮಾವನೊಡನೆ ಹೊಲ ನೋಡಿಕೊಂಡಿದ್ದಳು. ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವನನ್ನು ನಿಲಂಗಾದ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ರಜಾಕಾರರ ಗದ್ದಲದಲ್ಲಿ ಆಕೆ ಮಕ್ಕಳನ್ನು ಕರೆದುಕೊಂಡು ಆಸರೆಗೆಂದು ಉದಗೀರಕ್ಕೆ ಬಂದರೆ ನಮ್ಮ ಬಾಗಿಲಿಗೆ ಕೀಲಿ. ನಾವು ಹಿಂದಿನ ದಿನವೇ ಊರು ಬಿಟ್ಟಿದ್ದೆವು. ಅಂದಿನಿಂದ ಅಕ್ಕ-ತಂಗಿ ಒಬ್ಬರ ಮೋರೆ ಒಬ್ಬರು ನೋಡಿರಲಿಲ್ಲ. ಜಗಳವಾಡಿದ್ದರೆ ಮುಗಿದುಹೋಗುತ್ತಿತ್ತು; ಅದನ್ನೂ ಆಡಿರಲಿಲ್ಲ.

ಸಾಯುವುದರೊಳಗೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಿಸಬೇಕೆಂದು ಆಯಿ ಹೇಳಿ ಕಳಿಸಿದಾಗ, ಆ ಹೊಣೆಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಇಪ್ಪತ್ತೆರಡರ ವಯಸ್ಸು, ಮ್ಯಾಟ್ರಿಕ್ ಪಾಸಾದ ಧಿಮಾಕು ಬೇರೆ. ಎಳ್ಳಮಾವಾಸ್ಯೆಗೆ ಪೇಟೆ ಬಂದ್ ಇರುತ್ತದೆ, ಊಟವಂತೂ ಹೊಲದಲ್ಲೇ. ಅದಕ್ಕಿಂತ ಒಳ್ಳೆಯ ದಿನ ಯಾವುದು? ಅಂದು ಎಲ್ಲರೂ ಮಾವನ ಹೊಲದಲ್ಲಿ ಕೂಡುವುದೆಂದು ಕಾರ್ಡು ಬರೆದೆ. ಯಾರು ಯಾವ ಮೋಟಾರಿಗೆ ಹತ್ತಬೇಕು ಎನ್ನುವುದನ್ನೂ ಬರೆದು, ಅಕ್ಷರ ದುಂಡಗೆ ಬಂದಿವೆಯೆಂದು ಎರಡು ಸಲ ಓದಿಕೊಂಡೆ.

ನಿಲಂಗಾದಿಂದ ದೊಡ್ಡಪ್ಪ ಮರಾಠಿಯಲ್ಲಿ ಎರಡೇ ಮಾತು ಬರೆದಿದ್ದರು: 'ಜಮಣಾರ ನಾಹೀ.' ಆಗುವುದಿಲ್ಲ, ಅಷ್ಟೆ. ಅಕ್ಕ ಇನ್ನೂ ಆ ಕೀಲಿ ಮರೆತಿಲ್ಲ ಎಂದು ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಸಿಟ್ಟಿನಿಂದ ಗುಂಜೋಟಿಗೆ ಹೋಗಿ ಆಯಿಯ ಮುಂದೆ ದೊಡ್ಡವ್ವನ ಮೇಲೆ ದೂರು ಹೇಳಿದೆ.

ಆಯಿ ತೊಗರಿಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಅರಿವಿ ಹರಿಯೋ ಮಂದಿಗಿ ಏನ್ ತಿಳಿತದಪ್ಪ. ಎಳ್ಳಮಾಸಿ ದಿನ ತಮ್ಮ ಹೊಲಕ್ಕ ಚರಗ ಚೆಲ್ಲೋದು ಬಿಟ್ಟು ಆಕಿ ನಮ್ಮ ಹೊಲದಾಗ ಉಣ್ಲಿಕ್ಕ ಹ್ಯಾಂಗ ಬರ್ತಾಳ?"

ಅಂದು ಭೂಮಿತಾಯಿ ಬಸುರಿ; ಚರಗವೆಂದರೆ ಆಕೆಯ ಬಯಕೆಯ ತುತ್ತು. ತನ್ನ ಹೊಲವನ್ನು ಉಪವಾಸ ಕೆಡವಿ ಯಾವ ಒಕ್ಕಲಿಗನೂ ನೆಂಟರ ಮನೆಗೆ ಹೋಗುವುದಿಲ್ಲ. ಅರಿವೆ ಅಳೆಯುವ ಗಜಕಡ್ಡಿ ಹಿಡಿದವನಿಗೆ ಇದು ಹೊಳೆದಿರಲೇ ಇಲ್ಲ. ಆಯಿಯೇ ದಾರಿ ತೋರಿಸಿದಳು. ಕೂಡುವುದು ಮರುದಿನ, ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ಉಳಿದ ಭಜ್ಜಿ ಪಲ್ಯ, ಅಂಬಲಿ ತರುವುದು. ನಾನು ಇನ್ನೊಂದು ಕಾರ್ಡು ಬರೆದೆ. ಈ ಸಲ ಅಕ್ಷರ ನೋಡಿಕೊಳ್ಳಲಿಲ್ಲ.

ಅದಕ್ಕೆ ಉತ್ತರವೇ ಬರಲಿಲ್ಲ. ಅಮಾವಾಸ್ಯೆಯ ಮರುದಿನ ಅವ್ವ ಮಾವನ ಹೊಲದ ಬದುವಿನ ಮೇಲೆ ನಿಂತವಳು ಕೂರಲೇ ಇಲ್ಲ. ಹೊತ್ತು ನೆತ್ತಿಗೇರಿದಾಗ ಮೋಟಾರು ನಿಲ್ಲುವ ಉಮರ್ಗಾದಿಂದ ಮಾವನ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ದೊಡ್ಡವ್ವ, ಆಕೆಯ ಮಡಿಲಲ್ಲಿ ಗಡಿಗೆ. ನಿಲಂಗಾದಿಂದ ಮೋಟಾರಿನಲ್ಲಿ ಕುಲುಕಾಡಿ ಅರ್ಧ ಅಂಬಲಿ ಸೀರೆಯ ಮೇಲೇ ಚೆಲ್ಲಿತ್ತು. ಅವ್ವ ಗಡಿಗೆಗೆ ಕೈ ಚಾಚಿ, ಅವತ್ತು ಕೀಲಿ ಹಾಕಿ ಹೋದದ್ದು ತಪ್ಪಾಯಿತೆಂದು ಏನೋ ಹೇಳಲು ಹೋದಳು.

"ಇಲ್ಲೇನ್ ಕೀಲಿ ಇಲ್ಲಲ್ಲ," ಎಂದಳು ದೊಡ್ಡವ್ವ. "ಹಿಡಿ, ಕೈ ಸೋತಾವ."

ಮೂರು ಗಡಿಗೆಯ ಅಂಬಲಿಯನ್ನು ಆಯಿ ಒಂದೇ ದೊಡ್ಡ ಮಣ್ಣಿನ ಹರಿವಿಗೆ ಸುರಿದಳು. ಅದರಷ್ಟು ಹುಳಿ, ಅದರಷ್ಟು ರುಚಿ ನಾನು ಮತ್ತೆ ಕುಡಿದಿಲ್ಲ. ಮೂರನೆಯ ಗಡಿಗೆ ಯಾರದೆಂದು ಕೇಳುತ್ತೀರಾ? ನಮ್ಮದು. ಹೊಲವಿಲ್ಲದ ಮಗಳು ಬರಿಗೈಯಲ್ಲಿ ಕೂಡಬಾರದೆಂದು ಆಯಿ ಅಮಾವಾಸ್ಯೆಯ ದಿನ ತನ್ನ ಹೊಲದ ನಾಲ್ಕು ಸಾಲಿಗೆ ಅವ್ವನ ಕೈಯಿಂದಲೇ ಚರಗ ಚೆಲ್ಲಿಸಿದ್ದಳು.

ಸೊಸೆ ಇದನ್ನೆಲ್ಲ ಕೇಳಿ ಎರಡು ಲೋಟ ತುಂಬಿ ಒಂದನ್ನು ತಾನೇ ಕುಡಿದಳು. ನಾನು ಕಾರ್ಡು ಹುಡುಕಿ ತೆಗೆದೆ. ನಿಲಂಗಾದಲ್ಲಿರುವ ದೊಡ್ಡವ್ವನ ಮಗನನ್ನು ನೋಡಿ ಆರು ವರ್ಷವಾಯಿತು. ಅಂವನೇ ಬರಲಿ ಎಂದು ನಾನು ಕೂತೆ, ನಾನೇ ಬರಲಿ ಎಂದು ಅವನು ಕೂತ. ಎಲ್ಲರೂ ಕೂಡೋಣ ಎಂದು ಬರೆದಿದ್ದೇನೆ. ದಿನ ಮಾತ್ರ ಬರೆದಿಲ್ಲ. ಆ ಜಾಗವನ್ನು ಅವನಿಗೇ ಬಿಟ್ಟಿದ್ದೇನೆ.